ಅಪ್ಪನ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಲೇಬೇಕಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೆ, ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 63 ವರ್ಷ, ಒಕ್ಕಲುತನ ಮಾಡುತ್ತಾರೆ. ಬೀಡಿ, ಗುಟ್ಕಾ, ಸೆರೆ ಯಾವ ಚಟವೂ ಇಲ್ಲ. ಊರಿನ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಾರೆ. ಎರಡು ವರ್ಷದಿಂದ ದನಿ ಒಡೆದಿದೆ. ಒಂದು ವರ್ಷದಿಂದ ರಾತ್ರಿ ಮಲಗಿದರೆ ಉಸಿರು ಎಳೆಯುವಾಗ ಸೀಟಿ ಊದಿದಂತೆ ಸದ್ದು. ಅಸ್ತಮಾ ಅಂತ ಎಂಟು ತಿಂಗಳು ಪಂಪು ಕೊಟ್ಟರು, ಗುಣ ಕಾಣಲಿಲ್ಲ. ಆಮೇಲೆ ಕಲಬುರಗಿಯಲ್ಲಿ ದುರ್ಬೀನು ಹಾಕಿ ನೋಡಿದಾಗ ಧ್ವನಿ ತಂತುಗಳ ಕೆಳಗೆ ಗಡ್ಡೆ ಕಂಡಿತು. ಮೊದಲ ಬಯಾಪ್ಸಿಯಲ್ಲಿ ಏನೂ ಇಲ್ಲ ಅಂತ ಬಂತು. ಎರಡನೆಯದರಲ್ಲಿ ‘ಕ್ರಿಕಾಯ್ಡ್ ಕಾಂಡ್ರೋಸಾರ್ಕೋಮಾ, ಗ್ರೇಡ್ 1’ ಅಂತ ಬಂದಿದೆ. ಒಬ್ಬ ಡಾಕ್ಟರು ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಅಂತಾರೆ. ಇನ್ನೊಬ್ಬರು ಕರೆಂಟ್ (ರೇಡಿಯೇಶನ್) ಕೊಡಿಸಿ ಅಂತಾರೆ. ಸೋದರಮಾವ ನಾಟಿ ಔಷಧ ಕೊಡಿಸೋಣ ಅಂತಿದ್ದಾರೆ. ಅಪ್ಪನಿಗೆ ಬರೀ ಗಂಟು ಅಂತ ಹೇಳಿದ್ದೇವೆ, ಕ್ಯಾನ್ಸರ್ ಅಂತ ಹೇಳಿಲ್ಲ. ಯಾರ ಮಾತು ಕೇಳೋಣ?
– ಹೆಸರು ಬೇಡ ಎಂದ ಓದುಗರು

ಉತ್ತರ: ನಿಮ್ಮ ಪತ್ರವನ್ನೂ ಜೊತೆಗೆ ಕಳಿಸಿದ ಸಿಟಿ ಸ್ಕ್ಯಾನ್, ಬಯಾಪ್ಸಿ ರಿಪೋರ್ಟ್‌ಗಳನ್ನೂ ಎರಡೆರಡು ಸಲ ಓದಿದೆ. ನಿಮ್ಮ ತಂದೆಯವರನ್ನು ನಾನು ಕಣ್ಣಾರೆ ನೋಡಿಲ್ಲ. ಹಾಗಾಗಿ ಕೊನೆಯ ತೀರ್ಮಾನ ಅವರ ಗಂಟಲು ನೋಡಿದ ಡಾಕ್ಟರದೇ. ಆದರೆ ನೀವು ಅವಸರದಲ್ಲಿ ಒಂದು ಕಡೆ ವಾಲುವ ಮುಂಚೆ ತಿಳಿದಿರಬೇಕಾದ ಸಂಗತಿಗಳಿವೆ.

ಇದು ನೀವು ಕೇಳಿರುವ ಗಂಟಲು ಕ್ಯಾನ್ಸರ್ ಅಲ್ಲ. ಹೆಸರು ಒಂದೇ, ರೋಗ ಬೇರೆ. ಕಾಂಡ್ರೋಸಾರ್ಕೋಮಾ ಅಂದರೆ ಮೆತ್ತನೆಯ ಎಲುಬಿನಲ್ಲಿ ಹುಟ್ಟುವ ಕ್ಯಾನ್ಸರ್. ಇದಕ್ಕೆ ಕರೆಂಟ್ ಮೊದಲ ಚಿಕಿತ್ಸೆಯಲ್ಲ, ಆಪರೇಷನ್ನೇ ಮೊದಲ ಚಿಕಿತ್ಸೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಾ ಅನ್ನುವುದು ಒಂದೇ ಒಂದು ಲೆಕ್ಕದ ಮೇಲೆ ನಿಂತಿದೆ. ಗಡ್ಡೆ ತೆಗೆದ ಮೇಲೆ ಕ್ರಿಕಾಯ್ಡ್ ಅನ್ನುವ ಗಂಟಲಿನ ಉಂಗುರ ಎಷ್ಟು ಉಳಿಯುತ್ತದೆ? ಆ ಲೆಕ್ಕವನ್ನು ಇನ್ನೂ ಯಾರೂ ನಿಮ್ಮ ಮುಂದೆ ಇಟ್ಟಿಲ್ಲ ಅನಿಸುತ್ತದೆ.

ಈ ಉಂಗುರ ಎಲ್ಲಿದೆ ಅಂತ ನಿಮ್ಮ ಗಂಟಲನ್ನೇ ಮುಟ್ಟಿ ನೋಡಿ. ಗಂಡಸರಿಗೆ ಮುಂದಕ್ಕೆ ಚಾಚಿದ ಒಂದು ಉಬ್ಬು ಸಿಗುತ್ತದೆ, ಎಂಜಲು ನುಂಗಿದರೆ ಮೇಲೆ ಕೆಳಗೆ ಆಡುತ್ತದೆ. ಬೆರಳನ್ನು ಅಲ್ಲಿಂದ ಮೆಲ್ಲಗೆ ಕೆಳಗೆ ಜಾರಿಸಿ. ಒಂದು ಸಣ್ಣ ತಗ್ಗು. ಅದರ ಕೆಳಗೆ ಗಟ್ಟಿಯಾದ ಏಣು. ಅದೇ ಕ್ರಿಕಾಯ್ಡ್. ಕಿವಿಯ ಮೇಲಿನ ಅಂಚು, ಮೂಗಿನ ತುದಿ ಇವೆಯಲ್ಲ, ಅಂಥದೇ ಮೆತ್ತನೆಯ ಎಲುಬು. ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಅಂತ ಓದಿರುತ್ತೀರಿ. ವಯಸ್ಸಾದ ಹಾಗೆ ಇದು ಗಟ್ಟಿಯಾಗುತ್ತಾ ಹೋಗುತ್ತದೆ. ಆಕಾರ ಮುದ್ರೆಯುಂಗುರದ ಹಾಗೆ, ಮುಂದೆ ಸಣ್ಣ, ಹಿಂದೆ ಅಗಲ.

ಉಸಿರು ಹೋಗುವ ದಾರಿಯಲ್ಲಿ ಪೂರ್ತಿ ಸುತ್ತು ಇರುವ ಉಂಗುರ ಇದೊಂದೇ. ಕೆಳಗಿನ ಶ್ವಾಸನಾಳದ ಉಂಗುರಗಳೆಲ್ಲ ಹಿಂದೆ ತೆರೆದಿರುತ್ತವೆ, ಕುದುರೆ ಲಾಳದ ಹಾಗೆ. ನಿಮಗೆ ಬೋರ್‌ವೆಲ್ ಗೊತ್ತಲ್ಲ. ಮಣ್ಣು ಕುಸಿಯಬಾರದು ಅಂತ ಮೇಲಿನ ಭಾಗಕ್ಕೆ ಕೇಸಿಂಗ್ ಪೈಪು ಇಳಿಸುತ್ತೀರಿ. ಕ್ರಿಕಾಯ್ಡ್ ಮಾಡುವ ಕೆಲಸ ಅದೇ. ಅದು ನಿಂತಿದ್ದರೆ ದಾರಿ ತೆರೆದಿರುತ್ತದೆ. ಅದು ಕುಸಿದರೆ ಉಸಿರು ನಿಲ್ಲುತ್ತದೆ. ಧ್ವನಿ ತಂತುಗಳನ್ನು ತೆರೆದು ಮುಚ್ಚುವ ಎರಡು ಪುಟ್ಟ ಕೀಲುಗಳು ಕೂತಿರುವುದೂ ಇದರ ಹಿಂಭಾಗದ ಮೇಲೆಯೇ.

ನಿಮ್ಮ ತಂದೆಯವರ ಗಡ್ಡೆ ಹುಟ್ಟಿರುವುದು ಈ ಉಂಗುರದೊಳಗೆ. ಎಡ ಹಿಂಭಾಗದಲ್ಲಿ 2.6 ಸೆಂಟಿಮೀಟರ್ ಅಂತ ಸ್ಕ್ಯಾನ್ ಹೇಳುತ್ತಿದೆ. ಎಡ ಧ್ವನಿ ತಂತು ಆಡುತ್ತಿಲ್ಲ ಅಂತ ದುರ್ಬೀನಿನ ರಿಪೋರ್ಟಿನಲ್ಲಿದೆ. ಕೀಲಿನ ಬುಡದಲ್ಲೇ ಗಡ್ಡೆ ಬೆಳೆದರೆ ತಂತು ಸಿಕ್ಕಿಹಾಕಿಕೊಳ್ಳುತ್ತದೆ, ದನಿ ಒಡೆಯುತ್ತದೆ. ಗಡ್ಡೆ ಒಳಮುಖವಾಗಿ ಉಬ್ಬಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ರಾತ್ರಿ ಸೀಟಿ ಕೇಳುತ್ತದೆ. ಎರಡೂ ಒಂದೇ ಕಾರಣದಿಂದ ಬಂದವು.

ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಒಳಗಿನ ಪದರದಿಂದ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್. ತಂಬಾಕು, ಸೆರೆ ಅದಕ್ಕೆ ದೊಡ್ಡ ಕಾರಣ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ನಾನು ದಿನಾ ನೋಡುವುದು ಅದನ್ನೇ. ಕಾಂಡ್ರೋಸಾರ್ಕೋಮಾ ನೂರರಲ್ಲಿ ಒಂದೂ ಇರುವುದಿಲ್ಲ. ಇದಕ್ಕೂ ತಂಬಾಕಿಗೂ ನೇರ ನಂಟು ಕಂಡುಬಂದಿಲ್ಲ. 50 ದಾಟಿದ ಗಂಡಸರಲ್ಲಿ ಹೆಚ್ಚು. ಹತ್ತರಲ್ಲಿ ಏಳೆಂಟು ಸಲ ಹುಟ್ಟುವುದು ಕ್ರಿಕಾಯ್ಡ್‌ನಲ್ಲಿಯೇ, ಅದರಲ್ಲೂ ಹಿಂಭಾಗದಲ್ಲಿ. ಹಾಡಿ ಹಾಡಿ ಬಂತಾ ಅಂತ ನಿಮ್ಮ ತಾಯಿಯವರು ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಇಲ್ಲ. ತೊಗರಿ ರಾಶಿಯ ಧೂಳಿನಿಂದಲೂ ಅಲ್ಲ. ಅವರ ಮೇಲಾಗಲೀ ಭಜನೆಯ ಮೇಲಾಗಲೀ ಯಾರೂ ತಪ್ಪು ಹೊರಿಸಬೇಡಿ.

ಎಂಟು ತಿಂಗಳ ಪಂಪಿನ ವಿಷಯಕ್ಕೆ ಬರುತ್ತೇನೆ. ನಿಮಗೆ ಸಿಟ್ಟು ಬಂದಿದೆ, ಬರುವುದು ಸಹಜ. ಈ ರೋಗದಲ್ಲಿ ಇಂಥ ತಡ ತುಂಬಾ ಸಾಮಾನ್ಯ, ಯಾಕೆಂದರೆ ಅದು ಅಷ್ಟು ನಿಧಾನ. ಆದರೂ ಒಂದು ಗುರುತು ಇದೆ, ಅದನ್ನು ಎಲ್ಲರೂ ತಿಳಿಯಬೇಕು. ಅಸ್ತಮಾದ ಗೊರಗೊರ ಮುಖ್ಯವಾಗಿ ಉಸಿರು ಬಿಡುವಾಗ ಬರುತ್ತದೆ, ಎದೆಯಿಂದ ಬರುತ್ತದೆ. ಗಂಟಲಲ್ಲಿ ದಾರಿ ಕಟ್ಟಿದರೆ ಸದ್ದು ಉಸಿರು ಎಳೆಯುವಾಗ ಬರುತ್ತದೆ, ಕತ್ತಿನಿಂದ ಬರುತ್ತದೆ. ಮೂರು ವಾರ ದಾಟಿದರೂ ದನಿ ಸರಿಹೋಗದಿದ್ದರೆ, ಪಂಪಿಗೆ ಉಸಿರು ಬಗ್ಗದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಂದ ಒಮ್ಮೆ ದುರ್ಬೀನು ಹಾಕಿಸಿ ನೋಡಲೇಬೇಕು. ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡುವ ಐದು ನಿಮಿಷದ ಕೆಲಸ ಅದು. ನಾನು ನನ್ನ ಹತ್ತಿರ ಬರುವವರಿಗೆ ಒಂದು ಮಾತು ಹೇಳುತ್ತೇನೆ: ಮಲಗಿದಾಗ ಬರುವ ಸದ್ದನ್ನು ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ತನ್ನಿ. ಹಗಲು ಕುರ್ಚಿಯ ಮೇಲೆ ಕೂತಾಗ ಕೇಳದ್ದು ಅದರಲ್ಲಿ ಕೇಳುತ್ತದೆ.

ಇನ್ನು ಮೊದಲ ಬಯಾಪ್ಸಿ. ‘ಏನೂ ಇಲ್ಲ ಅಂದವರು ಆಮೇಲೆ ಕ್ಯಾನ್ಸರ್ ಅಂದರು, ಯಾವುದನ್ನು ನಂಬೋದು’ ಅಂತ ಕೇಳಿದ್ದೀರಿ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಈ ಗಡ್ಡೆಯ ಮೇಲಿನ ಪದರ ಪೂರ್ತಿ ಆರೋಗ್ಯವಾಗಿರುತ್ತದೆ. ಹುಣ್ಣಿಲ್ಲ, ರಕ್ತವಿಲ್ಲ. ಒಳಗಿನಿಂದ ಉಬ್ಬಿದ ನುಣುಪಾದ ಗುಡ್ಡ ಅಷ್ಟೇ. ಚಿಮಟದಿಂದ ಹಿಡಿದರೆ ಬರುವುದು ಮೇಲಿನ ಪದರ. ಗೋಡೆಯ ಗಿಲಾವು ಕೆರೆದು ನೋಡಿ ಒಳಗಿನ ಕಲ್ಲು ಯಾವುದು ಅಂತ ಹೇಳಲು ಬರುವುದಿಲ್ಲವಲ್ಲ, ಹಾಗೆ. ಮೊದಲ ಸಲ ಇಂಥ ಗಡ್ಡೆಗೆ ಚಿಮಟ ಹಾಕಿದ್ದು ನನಗೆ ಇವತ್ತಿಗೂ ನೆನಪಿದೆ. ಚಿಮಟದ ಬಾಯಿ ಗಟ್ಟಿ ಮೇಲ್ಮೈ ಮೇಲೆ ಕರ್ ಅಂತ ಜಾರಿತು. ಎರಡನೇ ಸಲವೂ ಜಾರಿತು. ಮೇಲಿನ ಪದರ ಸೀಳಿ ಆಳಕ್ಕೆ ಹೋದ ಮೇಲೆ ನೀಲಿ ಛಾಯೆಯ, ಗಾಜಿನಂತೆ ಹೊಳೆಯುವ ಒಂದು ಚೂರು ಬಂತು. ನಿಮ್ಮ ತಂದೆಗೆ ಎರಡನೇ ಸಲ ಆಳದಿಂದ ತೆಗೆದಿದ್ದಾರೆ. ಅದಕ್ಕೇ ಉತ್ತರ ಸಿಕ್ಕಿದೆ.

ಸ್ಕ್ಯಾನ್ ಕೂಡ ಅದನ್ನೇ ಹೇಳುತ್ತಿದೆ. ನೀವು ಕಳಿಸಿದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಬಣ್ಣದ ಗಡ್ಡೆಯೊಳಗೆ ಅಲ್ಲಲ್ಲಿ ಬಿಳಿ ಬಿಳಿ ಚುಕ್ಕೆಗಳು, ಕೆಲವು ಅರಳಿದ ಹಾಗಿವೆ. ನಾಗರ ಪಂಚಮಿಗೆ ಜೋಳ ಹುರಿದು ಅಳ್ಳು ಮಾಡುತ್ತೇವಲ್ಲ, ಒಂದು ಹಿಡಿ ಅಳ್ಳು ಚೆಲ್ಲಿದಂತೆ ಕಾಣುತ್ತದೆ. ಅದು ಸುಣ್ಣದ ಅಂಶ ಕೂಡಿಕೊಂಡ ಜಾಗ. ಕ್ರಿಕಾಯ್ಡ್‌ನಲ್ಲಿ ಈ ಚಿತ್ರ ಕಂಡರೆ ಬಯಾಪ್ಸಿಗೆ ಮುಂಚೆಯೇ ಮನಸ್ಸು ಈ ರೋಗದ ಕಡೆ ಹೋಗುತ್ತದೆ.

ಗ್ರೇಡ್ 1 ಅಂದರೆ ಮೂರು ದರ್ಜೆಗಳಲ್ಲಿ ಅತಿ ಸೌಮ್ಯವಾದದ್ದು. ಧ್ವನಿಪೆಟ್ಟಿಗೆಯ ಕಾಂಡ್ರೋಸಾರ್ಕೋಮಾಗಳಲ್ಲಿ ಹೆಚ್ಚಿನವು 1 ಇಲ್ಲವೇ 2ನೇ ದರ್ಜೆಯವು. ಇವು ವರ್ಷಗಟ್ಟಲೆ ಅಲ್ಲೇ ಬೆಳೆಯುತ್ತವೆ. ಕತ್ತಿನ ಗಂಟುಗಳಿಗೆ (ಲಿಂಫ್ ಗ್ರಂಥಿಗಳಿಗೆ) ಹಬ್ಬುವುದು ತೀರಾ ಅಪರೂಪ, ಹಾಗಾಗಿ ಕತ್ತಿನ ಗಂಟುಗಳನ್ನು ಬಿಡಿಸಿ ತೆಗೆಯುವ ದೊಡ್ಡ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ದೂರ ಹೋದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದೂ ಕಡಿಮೆ, ಆದರೂ ಆಪರೇಷನ್ ಮುಂಚೆ ಎದೆಯ ಸಿಟಿ ಒಂದು ಮಾಡಿಸಿ. ನಿಮ್ಮ ಕಾಗದಗಳಲ್ಲಿ ಅದು ಕಾಣಲಿಲ್ಲ. ಸರಿಯಾಗಿ ಚಿಕಿತ್ಸೆಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಐದು ವರ್ಷದ ನಂತರವೂ ನಮ್ಮ ನಡುವೆ ಇರುತ್ತಾರೆ. ಮನೆಯಲ್ಲಿ ಎಲ್ಲರಿಗೂ ಈ ಮಾತನ್ನು ಮೊದಲು ಹೇಳಿ.

ಒಂದು ಎಚ್ಚರಿಕೆ. ಚೂರು ನೋಡಿ ಕೊಟ್ಟ ದರ್ಜೆ ಆ ಚೂರಿನ ದರ್ಜೆ ಮಾತ್ರ. ಪೂರ್ತಿ ಗಡ್ಡೆ ತೆಗೆದು ನೋಡಿದಾಗ ದರ್ಜೆ ಮೇಲೇರಿದ್ದುಂಟು. ಗ್ರೇಡ್ 1ಕ್ಕೂ ಕ್ಯಾನ್ಸರ್ ಅಲ್ಲದ ಕಾಂಡ್ರೋಮಾ ಅನ್ನುವ ಗಡ್ಡೆಗೂ ನಡುವಿನ ಗೆರೆ ಕೂಡ ತುಂಬಾ ತೆಳು. ಅದಕ್ಕೇ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಎಲುಬಿನ ಗಡ್ಡೆಗಳನ್ನು ದಿನಾ ನೋಡುವ ಪೆಥಾಲಜಿ ಡಾಕ್ಟರು ಇರುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ.

ಕರೆಂಟ್ ಯಾಕೆ ಬೇಡ? ನಮ್ಮ ಕಡೆ ರೇಡಿಯೇಶನ್‌ಗೆ ಕರೆಂಟ್ ಅಂತಲೇ ಹೆಸರು. ನಿಮ್ಮೂರಿನ ಒಬ್ಬರಿಗೆ ಗಂಟಲು ಕ್ಯಾನ್ಸರ್ ಕರೆಂಟಿನಿಂದಲೇ ವಾಸಿಯಾಯಿತು ಅಂತ ಬರೆದಿದ್ದೀರಿ. ನಿಜವಿರಬಹುದು. ಅವರಿಗಿದ್ದದ್ದು ಸ್ಕ್ವಾಮಸ್ ಕ್ಯಾನ್ಸರ್ ಇರಬೇಕು. ಮೊದಲ ಹಂತದಲ್ಲಿ ಸಿಕ್ಕರೆ ಅದು ಕರೆಂಟಿಗೆ ಚೆನ್ನಾಗಿ ಕರಗುತ್ತದೆ. ಕರೆಂಟು ಬೇಗ ಬೇಗ ಒಡೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಈ ಗಡ್ಡೆಯ ಕೋಶಗಳು ನಿಧಾನವಾಗಿ ಒಡೆಯುತ್ತವೆ, ಅಲ್ಲಿ ರಕ್ತದ ಓಡಾಟವೂ ಕಡಿಮೆ. ಕೀಮೋ ಕೂಡ ಇದೇ ಕಾರಣಕ್ಕೆ ಕೆಲಸ ಮಾಡುವುದಿಲ್ಲ. ಅದಕ್ಕಿಂತ ನನಗೆ ಚಿಂತೆಯ ವಿಷಯ ಬೇರೆ. ಕರೆಂಟ್ ಬಿದ್ದ ಮೃದ್ವಸ್ಥಿ ಸರಿಯಾಗಿ ಮಾಯುವುದಿಲ್ಲ, ಕೆಲವೊಮ್ಮೆ ಕೊಳೆಯುತ್ತದೆ. ಈಗ ಕರೆಂಟ್ ಕೊಡಿಸಿ ನಾಳೆ ಆಪರೇಷನ್‌ಗೆ ಬಂದರೆ ಉಂಗುರ ಉಳಿಸುವ ಅವಕಾಶವೇ ಕೈತಪ್ಪಬಹುದು. ದೇಹ ಆಪರೇಷನ್ ತಡೆಯದವರಿಗೆ, ಮೇಲಿನ ದರ್ಜೆಯ ಗಡ್ಡೆಗೆ, ಪೂರ್ತಿ ತೆಗೆಯಲಾಗದೆ ಉಳಿದದ್ದಕ್ಕೆ ಕರೆಂಟ್ ಕೊಡುತ್ತಾರೆ. ನಿಮ್ಮ ತಂದೆ ಹೊಲದಲ್ಲಿ ದುಡಿಯುವ ಗಟ್ಟಿ ಮನುಷ್ಯ, ಗ್ರೇಡ್ 1. ಮೊದಲ ಚಿಕಿತ್ಸೆಯಾಗಿ ಕರೆಂಟ್ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಆಪರೇಷನ್‌ನಲ್ಲಿ ಹಲವು ದಾರಿಗಳಿವೆ. ಸಣ್ಣ ಗಡ್ಡೆಯಾದರೆ ಬಾಯಿಯಿಂದಲೇ ಲೇಸರ್ ಹಾಕಿ ಕೆತ್ತಿ ತೆಗೆಯಬಹುದು. ತುಂಬಾ ವಯಸ್ಸಾದವರಿಗೆ ಗಡ್ಡೆ ಪೂರ್ತಿ ಹೋಗದಿದ್ದರೂ ಉಸಿರಿಗೆ ದಾರಿಯಾಗುವಷ್ಟು ಕೆತ್ತಿ, ಬೆಳೆದರೆ ಮತ್ತೆ ಕೆತ್ತುತ್ತಾ ಹೋಗುವುದೂ ಇದೆ. ಇನ್ನೊಂದು ದಾರಿ ಕತ್ತಿನ ಮುಂದೆ ಕೊಯ್ದು, ಗಡ್ಡೆಯಿರುವ ಕ್ರಿಕಾಯ್ಡ್ ಭಾಗವನ್ನಷ್ಟೇ ತೆಗೆದು, ಉಳಿದದ್ದನ್ನು ನಿಲ್ಲಿಸುವುದು. ಬೇಕಾದರೆ ಪಕ್ಕೆಲುಬಿನ ತುದಿಯ ಮೆತ್ತನೆ ಚೂರು ತಂದು ಜೋಡಿಸುತ್ತಾರೆ. ಕೊನೆಯದು ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುವುದು.

ಸುಮಾರಾಗಿ ಅರ್ಧ ಉಂಗುರ ಉಳಿಯುವ ಹಾಗಿದ್ದರೆ ಕ್ರಿಕಾಯ್ಡ್ ಭಾಗವನ್ನಷ್ಟೇ ತೆಗೆಯುವ ದಾರಿ ಯೋಚಿಸಬಹುದು. ಅರ್ಧಕ್ಕಿಂತ ಜಾಸ್ತಿ ಹೋದರೆ ಉಳಿದದ್ದು ಒಳಗೆ ಕುಸಿಯುವ ಭಯ. ಆಗ ಪೂರ್ತಿ ತೆಗೆಯುವ ಮಾತು ಬರುತ್ತದೆ. ನಿಮ್ಮ ಸ್ಕ್ಯಾನ್ ರಿಪೋರ್ಟಿನ ಪ್ರಕಾರ ಗಡ್ಡೆ ಉಂಗುರದ ಸುತ್ತಿನ ಮೂರನೇ ಒಂದು ಭಾಗ ಹಿಡಿದಿದೆ. ಸುತ್ತ ಅಂಚು ಬಿಟ್ಟು ತೆಗೆದರೂ ಅರ್ಧದ ಆಸುಪಾಸು ಉಳಿಯಬಹುದು. ಹಾಗಾಗಿ ಪೂರ್ತಿ ತೆಗೆಯೋಣ ಎಂದ ಡಾಕ್ಟರಿಗೆ ಗೌರವ ಕೊಟ್ಟೇ, ಉಂಗುರ ಉಳಿಸುವ ಆಪರೇಷನ್ ಮಾಡುವ ಇನ್ನೊಬ್ಬರ ಮಾತನ್ನೂ ಕೇಳಿ ಅನ್ನುತ್ತೇನೆ. ಇದರಲ್ಲಿ ಸಂಕೋಚ ಬೇಡ. ನಾನೂ ಇಂಥ ರೋಗಿಗಳ ಫಿಲ್ಮ್ ಹಿಡಿದು ನನಗಿಂತ ಹೆಚ್ಚು ಮಾಡಿದವರನ್ನು ಕೇಳುತ್ತೇನೆ. ಕೇಳಬೇಕಾದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ‘ಗಡ್ಡೆ ತೆಗೆದ ಮೇಲೆ ಕ್ರಿಕಾಯ್ಡ್ ಎಷ್ಟು ಉಳಿಯುತ್ತದೆ? ಆ ಉಳಿದದ್ದು ನಿಲ್ಲುತ್ತದಾ?’

ಉಳಿಸಿದರೆ ರೋಗ ಮತ್ತೆ ಬರುವುದಿಲ್ಲವಾ? ಬರಬಹುದು. ಪೂರ್ತಿ ತೆಗೆದವರಿಗಿಂತ ಉಳಿಸಿಕೊಂಡವರಲ್ಲಿ ಮತ್ತೆ ಬರುವುದು ಹೆಚ್ಚು. ಆದರೆ ಇಲ್ಲಿ ಈ ಗಡ್ಡೆಯ ನಿಧಾನ ನಮ್ಮ ಪರವಾಗಿದೆ. ಕಡಿಮೆ ದರ್ಜೆಯ ಗಡ್ಡೆ ಮತ್ತೆ ಬಂದರೂ ಅಲ್ಲೇ ಬರುತ್ತದೆ. ಆಗ ಮತ್ತೆ ಕೆತ್ತಬಹುದು, ಇಲ್ಲವೇ ಆಗ ಪೂರ್ತಿ ತೆಗೆಯಬಹುದು. ಮೊದಲು ಉಳಿಸಿದ್ದರಿಂದ ಆಯುಷ್ಯ ಕಡಿಮೆಯಾಯಿತು ಅನ್ನುವಂತೆ ಸಾಮಾನ್ಯವಾಗಿ ಆಗುವುದಿಲ್ಲ. ಸ್ಕ್ವಾಮಸ್ ಕ್ಯಾನ್ಸರ್‌ನಲ್ಲಿ ನಾನು ಇಷ್ಟು ಧೈರ್ಯವಾಗಿ ಈ ಮಾತು ಹೇಳುವುದಿಲ್ಲ.

ಉಳಿಸುವ ಆಪರೇಷನ್ ಹಗುರವಾದದ್ದು ಅಂತ ಮಾತ್ರ ತಿಳಿಯಬೇಡಿ. ಕತ್ತಿನಲ್ಲಿ ಉಸಿರಿಗೆ ತಾತ್ಕಾಲಿಕ ರಂಧ್ರ ಮಾಡಿ ನಳಿಕೆ ಇಡುತ್ತಾರೆ. ಅದು ಕೆಲವು ವಾರ ಇರಬಹುದು, ತಿಂಗಳುಗಟ್ಟಲೆಯೂ ಇರಬಹುದು. ಕೆಲವರಿಗೆ ತೆಗೆಯಲಾಗದೇ ಉಳಿದದ್ದೂ ಇದೆ. ನುಂಗಿದ ನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗಿ ಕೆಮ್ಮು ಬರುತ್ತದೆ. ನುಂಗುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಖಡಕ್ ರೊಟ್ಟಿ ಕೆಲವು ತಿಂಗಳು ದೂರವಿಡಿ. ನೆನೆಸಿದ ರೊಟ್ಟಿ, ಗಂಜಿ, ಮೆತ್ತಗಿನ ಅನ್ನ ಇರಲಿ. ನೀರಿನಂಥ ತೆಳು ಸಾರಿಗಿಂತ ಸ್ವಲ್ಪ ಗಟ್ಟಿ ಪದಾರ್ಥ ಸುರಕ್ಷಿತ.

ಮತ್ತು ದನಿ. ಈ ಪ್ರಶ್ನೆಯನ್ನು ನೀವು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ, ಅಪ್ಪ ಮತ್ತೆ ಹಾಡುತ್ತಾರಾ ಅಂತ. ಉಂಗುರ ಉಳಿದರೆ ಅವರದೇ ದನಿ ಉಳಿಯುತ್ತದೆ, ಆದರೆ ಒರಟಾಗಿ, ಗಾಳಿ ಸೇರಿದ ಹಾಗೆ. ಆಡದೆ ನಿಂತ ಎಡ ತಂತು ಮತ್ತೆ ಆಡುವ ಸಂಭವ ಕಡಿಮೆ. ಮೊದಲಿನ ಎತ್ತರದ ಶ್ರುತಿಗೆ ಏರಲು ಆಗಲಿಕ್ಕಿಲ್ಲ. ಮೇಳದಲ್ಲಿ ಕೂತು ಪಲ್ಲವಿಗೆ ದನಿಗೂಡಿಸುವುದು, ದಮ್ಮಡಿ ಬಾರಿಸುವುದು, ಪದದ ಅರ್ಥ ಬಿಡಿಸಿ ಹೇಳುವುದು ಆಗುತ್ತದೆ. ಪೂರ್ತಿ ತೆಗೆದರೆ ಹಾಡು ಹೋಗುತ್ತದೆ. ಇದನ್ನು ನಾನು ಮೆದುವಾಗಿ ಹೇಳಿ ನಿಮ್ಮನ್ನು ತಪ್ಪು ಆಸೆಯಲ್ಲಿ ಇಡುವುದಿಲ್ಲ.

ಆದರೆ ಹಾಡು ಹೋದರೆ ಮಾತೂ ಹೋಗುತ್ತದೆ ಅಂತಿಲ್ಲ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳವನ್ನು ಕತ್ತಿನ ಮುಂದೆ ಹೊರಗೆ ತಂದು ಹೊಲಿಯುತ್ತಾರೆ. ಉಸಿರು ಆ ರಂಧ್ರದಿಂದಲೇ, ಜೀವನಪೂರ್ತಿ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ಒಂದು ಪುಟ್ಟ ಕವಾಟ ಕೂರಿಸಿದರೆ, ರಂಧ್ರವನ್ನು ಬೆರಳಿನಿಂದ ಒತ್ತಿ ಉಸಿರು ಬಿಟ್ಟಾಗ ಗಾಳಿ ಗಂಟಲಿಗೆ ಹೋಗಿ ದನಿಯಾಗುತ್ತದೆ. 1980ರ ಸುಮಾರಿಗೆ ಅಮೆರಿಕದ ಸಿಂಗರ್ ಮತ್ತು ಬ್ಲಾಮ್ ಈ ವಿಧಾನವನ್ನು ಬಳಕೆಗೆ ತಂದರು. ಹೊರದೇಶದ ಕವಾಟಕ್ಕೆ ಸಾವಿರಾರು ರೂಪಾಯಿ, ಅದನ್ನು ಆಗಾಗ ಬದಲಿಸಲೂಬೇಕು. ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಮತ್ತು ಅವರ ಗೆಳೆಯ ಶಶಾಂಕ್ ಮಹೇಶ್ ಸುಮಾರು 50 ರೂಪಾಯಿ ಖರ್ಚಿನ ‘ಓಂ’ ಅನ್ನುವ ಕವಾಟ ರೂಪಿಸಿದ್ದು ಬಡ ರೋಗಿಗಳ ಪಾಲಿಗೆ ದೊಡ್ಡ ಕೆಲಸ. ಕತ್ತಿಗೆ ಒತ್ತಿ ಹಿಡಿಯುವ ಬ್ಯಾಟರಿ ಯಂತ್ರವೂ ಇದೆ, ಅದರ ದನಿ ಯಂತ್ರದ ದನಿಯಂತೆಯೇ ಇರುತ್ತದೆ. ಅನ್ನನಾಳಕ್ಕೆ ಗಾಳಿ ನುಂಗಿ ತೇಗಿನ ಹಾಗೆ ಮಾತಾಡುವುದನ್ನು ಕಲಿತವರೂ ಇದ್ದಾರೆ.

ಬೀದರ್ ಕಡೆಯ ಒಬ್ಬ ಹಿರಿಯರು ನನ್ನ ಹತ್ತಿರ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ಕವಾಟ ಹಾಕಿಸಿಕೊಂಡವರು. ಒಳಗೆ ಬಂದು ಕೂತು, ಕತ್ತಿನ ಬಟ್ಟೆ ಸರಿಸಿ, ಹೆಬ್ಬೆರಳು ಒತ್ತಿ ‘ಆರಾಮ್ ಇದ್ದೀನ್ರಿ’ ಅನ್ನುತ್ತಾರೆ. ದನಿ ಗೊಗ್ಗರು, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. ಅವರು ಕತ್ತಿಗೆ ಕಟ್ಟಿಕೊಳ್ಳುವುದು ನಾಲ್ಕು ಪದರು ಮಾಡಿದ ತೆಳ್ಳಗಿನ ಹತ್ತಿ ಬಟ್ಟೆ. ಬೇಸಿಗೆಯಲ್ಲಿ ಅದನ್ನು ನೀರಲ್ಲಿ ಅದ್ದಿ ಹಿಂಡಿ ಕಟ್ಟುತ್ತಾರೆ. ಇದು ನಮ್ಮ ಭಾಗಕ್ಕೆ ಬಹಳ ಮುಖ್ಯ. ಮೂಗು ಗಾಳಿಯನ್ನು ತೇವ ಮಾಡಿ, ಸೋಸಿ ಒಳಗೆ ಕಳಿಸುತ್ತದೆ. ರಂಧ್ರಕ್ಕೆ ಆ ಸೌಲಭ್ಯ ಇಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 43 ಡಿಗ್ರಿ ದಾಟಿದಾಗ ಒಣ ಗಾಳಿಗೆ ಕಫ ಗಟ್ಟಿಯಾಗಿ ಹೆಕ್ಕಳೆ ಕಟ್ಟುತ್ತದೆ, ಉಸಿರಿಗೆ ಅಡ್ಡ ಬರುತ್ತದೆ. ತೊಗರಿ ರಾಶಿ ಮಾಡುವಾಗ ಏಳುವ ಧೂಳಿನ ಹತ್ತಿರವೂ ನಿಲ್ಲಬಾರದು. ಸ್ನಾನದ ನೀರು ರಂಧ್ರಕ್ಕೆ ಬೀಳಬಾರದು. ಬಾವಿ, ಭೀಮಾ ನದಿಯಲ್ಲಿ ಈಜು ಪೂರ್ತಿ ಬಂದ್. ಇವೆಲ್ಲ ಕಲಿತರೆ ರೂಢಿಯಾಗುವ ಸಂಗತಿಗಳೇ.

ನಾಟಿ ಔಷಧದ ಬಗ್ಗೆ. ನಿಮ್ಮ ಸೋದರಮಾವನವರಿಗೆ ಅಳಿಯನ ಮನೆಯ ಮೇಲೆ ಅಕ್ಕರೆ ಇದೆ, ಅದಕ್ಕೇ ಹೇಳುತ್ತಿದ್ದಾರೆ. ಅವರೊಂದಿಗೆ ಜಗಳ ಬೇಡ. ಅವರಿಗೆ ಇಷ್ಟು ತಿಳಿಸಿ: ಈ ಗಡ್ಡೆ ಏನೂ ಕೊಡದಿದ್ದರೂ ಆರು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯುವುದಿಲ್ಲ. ಆದ್ದರಿಂದ ಯಾವ ಬೇರು ಅರೆದು ಕೊಟ್ಟರೂ ‘ನೋಡಿ, ರೋಗ ನಿಂತಿದೆ’ ಅನಿಸುತ್ತದೆ. ಹಾಗೆ ಎರಡು ವರ್ಷ ಕಳೆದರೆ ಮೂರನೇ ಒಂದು ಭಾಗ ಹಿಡಿದ ಗಡ್ಡೆ ಅರ್ಧ ದಾಟಬಹುದು. ಇವತ್ತು ಉಳಿಸಬಹುದಾದ ಉಂಗುರ ಅವತ್ತು ಉಳಿಯಲಿಕ್ಕಿಲ್ಲ. ಶರಣಬಸವೇಶ್ವರರ ಗುಡಿಗೆ ಹೋಗಿ ಹರಕೆ ಹೊರಲಿ, ಬಂದೇ ನವಾಜ್ ದರ್ಗಾಕ್ಕೆ ಹೋಗಿ ಬರಲಿ. ಗಂಟಲಿಗೆ ಸುಮ್ನೆ ಲೇಪ, ಕಾಸಿದ ಕಷಾಯ ಮಾತ್ರ ಬೇಡ.

ಅವಸರ ಬೇಡ ಅಂದೆ. ಅಂದರೆ ಬೇರೆ ಡಾಕ್ಟರನ್ನು ಕೇಳಲು ಎರಡು ಮೂರು ವಾರ ತೆಗೆದುಕೊಳ್ಳಬಹುದು, ಎರಡು ಮೂರು ಹಂಗಾಮು ಅಲ್ಲ. ಈ ನಡುವೆಯೂ ಕೆಲವು ಲಕ್ಷಣ ಕಂಡರೆ ಒಂದು ಗಂಟೆಯೂ ಕಾಯಬೇಡಿ. ಸದ್ದು ಹಗಲಲ್ಲಿ ಸುಮ್ಮನೆ ಕೂತಾಗಲೂ ಬಂದರೆ, ಉಸಿರು ಎಳೆಯುವಾಗ ಕತ್ತಿನ ಬುಡದ ಗುಳಿ ಒಳಗೆ ಸೆಳೆದರೆ, ಮಲಗಲಾಗದೆ ಎದ್ದು ಕೂತರೆ, ಒಂದು ವಾಕ್ಯ ಮುಗಿಸಲಾಗದಿದ್ದರೆ ನೇರ ಕಲಬುರಗಿಯ ಜಿಮ್ಸ್‌ಗೋ ಕತ್ತಿನಲ್ಲಿ ರಂಧ್ರ ಮಾಡುವ ವ್ಯವಸ್ಥೆ ಇರುವ ಬೇರೆ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಿರಿ. ಬಾಗಿಲಲ್ಲೇ ಹೇಳಿ, ಗಂಟಲಲ್ಲಿ ಧ್ವನಿ ತಂತುಗಳ ಕೆಳಗೆ ಗಡ್ಡೆ ಇದೆ, ಉಸಿರಿನ ದಾರಿ ಕಿರಿದಾಗಿದೆ ಅಂತ. ನಿದ್ದೆ ಮಾತ್ರೆ ಕೊಡಬೇಡಿ. ಹಲ್ಲು ತೆಗೆಸುವುದಿರಲಿ, ಬೇರೆ ಯಾವುದೇ ಆಪರೇಷನ್ ಇರಲಿ, ಈ ಮಾತು ಹೇಳದೆ ಮಾಡಿಸಬೇಡಿ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ, ಅಲ್ಲಿಂದ ಶುರು ಮಾಡಿ. ಉಂಗುರ ಉಳಿಸುವ ಆಪರೇಷನ್‌ಗೆ ಮಾತ್ರ ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈ ಪರೇಲ್‌ನ ಟಾಟಾ ಮೆಮೋರಿಯಲ್‌ನಂಥ ಕಡೆ ತೋರಿಸುವುದು ಒಳ್ಳೆಯದು. ತಲೆ ಕತ್ತಿನ ಕ್ಯಾನ್ಸರ್‌ಗೇ ಬೇರೆ ತಂಡ ಅಲ್ಲಿರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಎರಡೂ ಕಡೆಗೆ ನಮ್ಮೂರಿನಿಂದಲೇ ಹೋಗುತ್ತದೆ. ಬಿಪಿಎಲ್ ಕಾರ್ಡ್ ಇದೆ ಅಂದಿದ್ದೀರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ರಾಜ್ಯದ ಹೊರಗೆ ಹೋಗುವುದಾದರೆ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ಆಮೇಲೆ ರೈಲು ಹತ್ತಿ. ಸಿಟಿ ಸ್ಕ್ಯಾನಿನ ಫಿಲ್ಮ್ ಮಾತ್ರ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ.

ಆಪರೇಷನ್ ಆಯಿತು, ಮುಗಿಯಿತು ಅಂತ ತಪಾಸಣೆ ಬಿಡುವವರೇ ಜಾಸ್ತಿ. ಹತ್ತು ವರ್ಷದ ಮೇಲೂ ಈ ಗಡ್ಡೆ ಮತ್ತೆ ಬಂದದ್ದುಂಟು. ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ದುರ್ಬೀನು ಹಾಕಿಸಿ. ಸ್ಕ್ಯಾನ್ ಯಾವಾಗ ಅಂತ ಡಾಕ್ಟರು ಹೇಳುತ್ತಾರೆ. ನೆನಪಿಗೆ ಒಂದು ದಾರಿ: ಬೀದರಿನ ಆ ಹಿರಿಯರು ಶರಣಬಸವೇಶ್ವರ ಜಾತ್ರೆಗೆ ಬಂದಾಗಲೇ ನನ್ನ ಹತ್ತಿರವೂ ಬರುತ್ತಾರೆ, ಒಂದು ವರ್ಷವೂ ತಪ್ಪಿಸಿಲ್ಲ.

ಕೊನೆಯದಾಗಿ, ಅಪ್ಪನಿಗೆ ಹೇಳದೆ ಇಟ್ಟದ್ದು. ನೀವು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದೀರಿ. ಆದರೆ ಇದು ಅವರ ದನಿಯ ವಿಷಯ. ಪೂರ್ತಿ ತೆಗೆಯುವುದಾ, ಉಳಿಸುವುದಾ, ಮತ್ತೆ ಬರುವ ಸಂಭವವನ್ನು ಒಪ್ಪಿಕೊಂಡು ದನಿ ಇಟ್ಟುಕೊಳ್ಳುವುದಾ ಅನ್ನುವುದನ್ನು ಅವರ ಬದಲು ನೀವೂ ತೀರ್ಮಾನಿಸಲಾಗದು, ನಾನೂ ತೀರ್ಮಾನಿಸಲಾಗದು. ಬರೀ ಗಂಟು ಅಂದುಕೊಂಡು ಮಲಗಿದವರು ಎಚ್ಚರವಾಗಿ ‘ನೀರು’ ಅನ್ನಲು ಹೋಗಿ ದನಿ ಬರದೆ ಕತ್ತು ಮುಟ್ಟಿಕೊಂಡದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಮಕ್ಕಳ ಕಡೆ ಅವರು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಕ್ಯಾನ್ಸರ್ ಅನ್ನುವ ಶಬ್ದದಿಂದ ಶುರು ಮಾಡಬೇಕಿಲ್ಲ. ಗಂಟಲಿನ ಎಲುಬಿನಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆ ಇದೆ, ತೆಗೆಯದಿದ್ದರೆ ಉಸಿರಿಗೆ ತೊಂದರೆ, ತೆಗೆದರೆ ದನಿ ಬದಲಾಗುತ್ತದೆ ಅಂತ ಹೇಳಿ. ಅವರು ‘ಕ್ಯಾನ್ಸರ್ ಏನಪ್ಪಾ’ ಅಂತ ಕೇಳಿದರೆ ಹೌದು ಅನ್ನಿ. ಹತ್ತರಲ್ಲಿ ಒಂಬತ್ತು ಅನ್ನುವ ಮಾತನ್ನೂ ಆಗಲೇ ಹೇಳಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀವು ಮಾತ್ರ ಒಳಗೆ ಹೋಗಬೇಡಿ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರೇ ಕೂರಲಿ. ಪ್ರಶ್ನೆಯ ಚೀಟಿ ಅವರ ಕೈಯಲ್ಲಿರಲಿ. ಆಪರೇಷನ್ ದಿನ ಗೊತ್ತಾದ ಮೇಲೆ, ಅವರಿಗೆ ಇಷ್ಟವಿದ್ದರೆ, ಮೇಳದವರನ್ನು ಒಂದು ಸಂಜೆ ಮನೆಗೆ ಕರೆದು ಪದ ಹಾಡಿಸಿ, ಉಸಿರು ಸಾಲುವಷ್ಟು ಮಾತ್ರ. ಮೊಬೈಲು ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿಕೊಳ್ಳಿ.